ಆಕಾಶ ತಿಳಿಯಾದರೂ ಪುಟ್ಟ ವಿಮಾನಕ್ಕೆ ಜಾಗವೆಲ್ಲಿ?

ಚನ್ನರಾಯಪಟ್ಟಣ (ದೇವನಹಳ್ಳಿ ತಾಲ್ಲೂಕು): ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ದೇವನಹಳ್ಳಿ ಸೀಮೆಯ ಮುಂಜಾವಿನ ಮಂಜು ಹಿಂದೆ ಸರಿಯುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣದ ಭಾರೀ ವಿಮಾನಗಳನ್ನೇ ಕಾಯಿಸುವ ಮಂಜು ಅದು. ಅದು ತೊಲಗಿದ ಮೇಲೆ, ಮಾವಿನ ಮಳೆಯ ಗುಡುಗು ಕೇಳಿಸುವ ಮೊದಲು ಸಿಗುವ ಕೆಲವೇ ವಾರಗಳು ಎರಡು ಅಥವಾ ನಾಲ್ಕು ಆಸನಗಳ ಸ್ವಂತ ವಿಮಾನ ಇಟ್ಟುಕೊಂಡವರ ಪಾಲಿಗೆ ಸುಗ್ಗಿಯ ಕಾಲ.

ಇದಕ್ಕೆ ಕಾರಣವಿದೆ. ಪುಟ್ಟ ವಿಮಾನಗಳ ಬಹುಪಾಲು ಹಾರಾಟ ಕಣ್ಣಳತೆಯನ್ನೇ ನೆಚ್ಚಿಕೊಂಡದ್ದು. ನೆಲ ಕಾಣಬೇಕು, ದಿಗಂತ ಕಾಣಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡಗಳು ನಂದಿಬೆಟ್ಟದ ನೆತ್ತಿಯನ್ನೇ ಮುಚ್ಚುವಷ್ಟು ಕೆಳಗಿಳಿಯುತ್ತವೆ, ಪಶ್ಚಿಮದ ಗಾಳಿ ಬಿರುಸಾಗಿರುತ್ತದೆ. ಅಕ್ಟೋಬರ್‌ನಲ್ಲಿ ಹಿಂಗಾರಿನ ಕಾಟ. ಹೀಗಾಗಿ ವರ್ಷದ ಕ್ಯಾಲೆಂಡರಿನಲ್ಲಿ ನೆಮ್ಮದಿಯ ಹಾಳೆಗಳು ಕಡಿಮೆಯೇ.

ಆ ದಿನಗಳಲ್ಲೂ ಇಡೀ ಹಗಲು ಕೈಗೆ ಸಿಗುವುದಿಲ್ಲ. ಬೆಂಗಳೂರು ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಈ ಎತ್ತರಕ್ಕೆ ವಿಮಾನಶಾಸ್ತ್ರ ನಿಗದಿಪಡಿಸಿದ ಮಾನಕ ಉಷ್ಣಾಂಶ 9 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಗಾಳಿಯು ಇನ್ನೂ 120 ಅಡಿ ಮೇಲಿನ ಗಾಳಿಯಷ್ಟು ತೆಳುವಾಗುತ್ತದೆ ಎಂಬುದು ಪೈಲಟ್‌ಗಳ ಸ್ಥೂಲ ಲೆಕ್ಕ. ಮುಂಜಾನೆ 18 ಡಿಗ್ರಿ ಇದ್ದರೆ ವಿಮಾನಕ್ಕೆ ಅದು ಸುಮಾರು 4000 ಅಡಿಯ ನೆಲ. ಅದೇ ದಿನ ಮಧ್ಯಾಹ್ನ 35 ಡಿಗ್ರಿ ಮುಟ್ಟಿದರೆ 6000 ಅಡಿ ದಾಟಿದ ನೆಲ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ತುದಿಗಿಂತ ತುಸುವೇ ಕೆಳಗಿನಿಂದ ಹೊರಟಂತೆ! ಎಂಜಿನ್ ಸೊರಗುತ್ತದೆ, ರೆಕ್ಕೆಗೆ ಆಧಾರ ಸಾಲದು, ಓಡುದಾರಿ ಉದ್ದವಾಗಬೇಕಾಗುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಎರಡು ಆಸನಗಳ ತರಬೇತಿ ವಿಮಾನ ‘ಹಂಸ-ಎನ್‌ಜಿ’ 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿತು. ಸಮುದ್ರಮಟ್ಟದ ಪರೀಕ್ಷೆಗಾಗಿ ಅದನ್ನು ಮರುವರ್ಷದ ಫೆಬ್ರವರಿ-ಮಾರ್ಚ್‌ನಲ್ಲಿ ಪುದುಚೇರಿಗೆ ಒಯ್ಯಬೇಕಾಯಿತು.

ಇಷ್ಟು ಪ್ರಕೃತಿಯ ಮಾತು. ಅದರೊಂದಿಗೆ ಹೊಂದಿಕೊಳ್ಳುವುದು ಹಾರುವವರಿಗೆ ಗೊತ್ತು. ಹೊಂದಾಣಿಕೆಯಾಗದೆ ಉಳಿದಿರುವುದು ಮನುಷ್ಯರು ಹಾಕಿದ ಗೆರೆಗಳ ಜೊತೆಗೆ.

ನಾಲ್ಕು ನೆಲೆಗಳ ನಡುವೆ

ಉತ್ತರದಲ್ಲಿ 2008ರ ಮೇ ತಿಂಗಳಿನಲ್ಲಿ ಆರಂಭವಾದ ದೇವನಹಳ್ಳಿಯ ನಿಲ್ದಾಣ. ಅದಕ್ಕೆ 2019ರ ಡಿಸೆಂಬರ್‌ನಿಂದ ಎರಡು ರನ್‌ವೇಗಳು. ದಕ್ಷಿಣಕ್ಕೆ ಯಲಹಂಕದ ವಾಯುಪಡೆ ನೆಲೆ. ಇನ್ನೂ ಕೆಳಗೆ ಎಚ್‌ಎಎಲ್ ನಿಲ್ದಾಣ. ಇವುಗಳ ನಡುವೆ, ರಾಜ್ಯ ಸರ್ಕಾರದ ವೈಮಾನಿಕ ತರಬೇತಿ ಶಾಲೆ ಇರುವ ಜಕ್ಕೂರು. ಬೇರೆಡೆಗೆ ಹೋಗೋಣವೆಂದರೆ ಹೊಸೂರು ಬಳಿಯ ತನೇಜಾ ಏರೋಸ್ಪೇಸ್ ಸಂಸ್ಥೆಯ ಖಾಸಗಿ ನೆಲೆ. ಅದು ಗಡಿಯಾಚೆಗೆ, ತಮಿಳುನಾಡಿನಲ್ಲಿದೆ.

ಜಕ್ಕೂರು ಹೆಚ್ಚು ಸದ್ದು ಮಾಡದ ನೆಲೆ. ಆದರೆ ಕರ್ನಾಟಕದ ಹಲವು ತಲೆಮಾರಿನ ಪೈಲಟ್‌ಗಳು ಮೊದಲು ರೆಕ್ಕೆ ಬಿಚ್ಚಿದ್ದು ಅಲ್ಲಿ. ಊರು ಬೆಳೆದು ಅದನ್ನು ಸುತ್ತುವರಿದಿದೆ. ವಿಮಾನ ನಿಲ್ದಾಣಕ್ಕೆ ಬೇಗ ತಲುಪಲೆಂದು ಬಳ್ಳಾರಿ ರಸ್ತೆಯಲ್ಲಿ ಎದ್ದ ಮೇಲ್ಸೇತುವೆಯೇ ಜಕ್ಕೂರಿನ ರನ್‌ವೇಯ ಬಳಕೆಗೆ ಅಡ್ಡಿಯಾಯಿತೆಂಬುದು ವಿಪರ್ಯಾಸ. ದೊಡ್ಡ ವಿಮಾನಕ್ಕೆ ದಾರಿ ಮಾಡಲು ಸಣ್ಣ ವಿಮಾನದ ದಾರಿಯನ್ನು ಮೊಟಕುಗೊಳಿಸಿದಂತಾಯಿತು.

ಇನ್ನು ‘ಏರೋ ಇಂಡಿಯಾ’. 1996ರಿಂದ ಯಲಹಂಕದಲ್ಲಿ ನಡೆದುಬಂದ ಈ ವೈಮಾನಿಕ ಪ್ರದರ್ಶನ 2023 ಮತ್ತು 2025ರಲ್ಲಿ ನಡೆದದ್ದು ಫೆಬ್ರವರಿ ಮಧ್ಯಭಾಗದಲ್ಲಿ. ಯುದ್ಧವಿಮಾನಗಳ ತಾಲೀಮು ಮತ್ತು ಪ್ರದರ್ಶನದ ಗಂಟೆಗಳಲ್ಲಿ ದೇವನಹಳ್ಳಿಯ ಪ್ರಯಾಣಿಕ ವಿಮಾನಗಳೂ ನಿಲ್ಲಬೇಕಾಯಿತು. ಹೀಗಿರುವಾಗ ಪುಟ್ಟ ವಿಮಾನವನ್ನು ಕೇಳುವವರಾರು? ಪ್ರದರ್ಶನಕ್ಕೆ ಒಳ್ಳೆಯ ಹವೆ ಬೇಕು, ಸರಿ. ಅದೇ ಹವೆಗಾಗಿ ವರ್ಷವಿಡೀ ಕಾದವರೂ ಇದ್ದಾರೆಂಬುದು ವೇಳಾಪಟ್ಟಿ ಬರೆಯುವವರ ಗಮನಕ್ಕೆ ಬಂದಂತಿಲ್ಲ.

ಸ್ವಂತ ವಿಮಾನವುಳ್ಳ ಬೆರಳೆಣಿಕೆಯ ಸಿರಿವಂತರ ಹವ್ಯಾಸಕ್ಕೆ ಇಷ್ಟು ಚಿಂತೆ ಏಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೊ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಅವುಗಳನ್ನು ನಡೆಸುವವರು ಮೊದಲು ಪುಟ್ಟ ವಿಮಾನದಲ್ಲೇ ಗಂಟೆಗಳನ್ನು ಕೂಡಿಸಬೇಕು. ತರಬೇತಿಗಾಗಿ ಹೊರದೇಶಕ್ಕೆ ಹೋಗುವ ಯುವಕ ಯುವತಿಯರು ಸಾಲ ಮಾಡಿ ಕೊಳ್ಳುವ ವಸ್ತುಗಳಲ್ಲಿ ತಿಳಿಯಾದ ಆಕಾಶವೂ ಒಂದು. ಅದು ಇಲ್ಲಿ ವಸಂತದಲ್ಲಿ ಪುಕ್ಕಟೆ ಸಿಗುತ್ತದೆ.

ಹೊಲವನ್ನು ಕೇಳಲಾಗದು

ಹಾಗಾದರೆ ಹೊಸ ನೆಲೆಗೆ ಜಾಗ ಹುಡುಕೋಣವೇ? ಈ ಪ್ರಶ್ನೆಗೆ ಚನ್ನರಾಯಪಟ್ಟಣ ಹೋಬಳಿ ಈಗಾಗಲೇ ಉತ್ತರಿಸಿದೆ. ವೈಮಾನಿಕ ಮತ್ತು ರಕ್ಷಣಾ ಉದ್ಯಮಗಳ ಪಾರ್ಕ್ ಎಂಬ ಹೆಸರಿನಲ್ಲಿ ಇಲ್ಲಿನ 13 ಗ್ರಾಮಗಳ 1777 ಎಕರೆ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ, ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತರು. ಸಾವಿರ ದಿನಗಳನ್ನು ದಾಟಿದರೂ ಅವರು ಕದಲಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ಅದರ ಬೆನ್ನಲ್ಲೇ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ ವೈಮಾನಿಕ ಉದ್ಯಮಗಳಿಗೆ ತಮ್ಮ ರಾಜ್ಯಕ್ಕೆ ಬರುವಂತೆ ಆಹ್ವಾನ ನೀಡಿದ್ದು ಸುದ್ದಿಯಾಯಿತು.

ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ ಈ ನೆಲವನ್ನು ‘ವಿಮಾನ’ ಎಂಬ ಪದದ ಹೆಸರಿನಲ್ಲಿ ಮತ್ತೊಮ್ಮೆ ಕೇಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ, ಕೇಳಲೂಬಾರದು. ಇರುವ ಜಕ್ಕೂರನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಅಗ್ಗ. ಬೆಳಗಿನ ಆರರಿಂದ ಹತ್ತರವರೆಗಿನ ತಂಪು ಗಂಟೆಗಳಲ್ಲಿ, ಫೆಬ್ರವರಿ-ಮಾರ್ಚ್ ತಿಂಗಳುಗಳ ಮಟ್ಟಿಗಾದರೂ, ಸಣ್ಣ ವಿಮಾನಗಳಿಗೆಂದೇ ಕೆಳಮಟ್ಟದ ಒಂದು ಪಥವನ್ನು ಗುರುತಿಸಿಕೊಡಲು ಒಂದು ಗುಂಟೆ ಭೂಮಿಯೂ ಬೇಡ. ವಾಯುಪಡೆ, ಎಚ್‌ಎಎಲ್, ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ ಒಂದೇ ಮೇಜಿನ ಸುತ್ತ ಕುಳಿತರೆ ಸಾಕು. ಏಪ್ರಿಲ್ ಬಂದರೆ ಮಧ್ಯಾಹ್ನದ ಹೊತ್ತಿಗೆ ನಂದಿಬೆಟ್ಟದ ಆಚೆ ಕರಿಮೋಡ ಕಟ್ಟತೊಡಗುತ್ತದೆ. ಜಕ್ಕೂರಿನಲ್ಲಿ ವಿಮಾನಗಳನ್ನು ಷೆಡ್ಡಿಗೆ ತಳ್ಳುವ ಆ ಮಳೆಗಾಗಿಯೇ ಚನ್ನರಾಯಪಟ್ಟಣದ ರೈತ ನೇಗಿಲು ಸಿದ್ಧಮಾಡಿಕೊಂಡು ಕಾದಿರುತ್ತಾನೆ.