ಸೈಕಲ್ ಲೈಟಿನ ಖರ್ಚು ಯಾರದ್ದು?

ದುಬೈಯಲ್ಲಿ ಸುಬಹಿ ಬಾಂಗಿನ ಹೊತ್ತಿಗೆ ರಸ್ತೆ ನೋಡಿ. ರೂಮಿನಿಂದ ಗ್ರೋಸರಿಗೆ, ಬೇಕರಿಗೆ, ಕೆಫೆಟೇರಿಯಾಕ್ಕೆ ಸೈಕಲ್ ತುಳಿಯುವವರಲ್ಲಿ ನಮ್ಮ ಹುಡುಗರೂ ಇದ್ದಾರೆ. ಎಷ್ಟೋ ಸೈಕಲ್‌ಗಳಿಗೆ ಲೈಟಿಲ್ಲ, ಮೈಮೇಲೆ ಕಪ್ಪು ಅಂಗಿ. ಏನಾದರೂ ಆದರೆ ಧಣಿಗಳ ಬಾಯಲ್ಲಿ ಒಂದೇ ಮಾತು: "ಎಲ್ಲ ವಿಧಿ ಮಾರಾಯ್ರೆ."

ವಿಧಿಯ ಮೇಲೆ ಹಾಕುವ ಮೊದಲು ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡ್ತದೆ. ಡ್ರೈವರ್ ಬ್ರೇಕಿಗೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಮುಗೀತದೆ. ಕತ್ತಲಲ್ಲಿ ಕಪ್ಪು ಅಂಗಿ ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಕೆಂಪು ಲೈಟ್ ದೂರದಿಂದಲೇ ಕಾಣ್ತದೆ. ಇದರಲ್ಲಿ ವಿಧಿ ಎಲ್ಲಿ ಬಂತು?

ಕಾನೂನೂ ಇದೆ. 2022ರ ದುಬೈ ನಿಯಮದಂತೆ ಹೆಲ್ಮೆಟ್, ಹೊಳೆಯುವ ಜಾಕೆಟ್, ಮುಂದೆ ಬಿಳಿ ಲೈಟ್, ಹಿಂದೆ ಕೆಂಪು ಲೈಟ್ ಬೇಕು. ಅಂಗಡಿಯ ಫ್ರಿಜ್ಜು, ತಕ್ಕಡಿ ಧಣಿಯ ಖರ್ಚಾದರೆ ಡೆಲಿವರಿ ಸೈಕಲಿನ ಲೈಟ್ ಮಾತ್ರ ಹುಡುಗನ ಖರ್ಚು ಹೇಗಾಗ್ತದೆ? ಲಾಭ ಗಲ್ಲಾಪೆಟ್ಟಿಗೆಗೆ, ಅಪಾಯ ಹುಡುಗನ ತಲೆಗೆ! ಇಂಥ ಲೆಕ್ಕಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ.

ಹುಡುಗರಿಗೂ ಒಂದು ಮಾತು. ಊರಲ್ಲಿ ಎಡ, ಇಲ್ಲಿ ಬಲ. "ಎದುರಿನ ಗಾಡಿ ಕಾಣ್ತದಲ್ಲ" ಅಂತ ರಾಂಗ್ ಸೈಡಲ್ಲಿ ಹೋಗಬೇಡಿ. ಎರಡು ವೇಗವೂ ಕೂಡಿಯೇ ಡಿಕ್ಕಿಯಾಗುವುದು. ಇಯರ್‌ಫೋನ್ ಕಿಸೆಯಲ್ಲಿರಲಿ.

ಮಯ್ಯತ್ ಊರಿಗೆ ಕಳಿಸಲು ವಂತಿಗೆ ಎತ್ತುವಾಗ ಮುಂದೆ ನಿಲ್ಲುವ ಧಣಿಗಳು, ಅದಕ್ಕೂ ಮೊದಲೇ ಒಂದು ಲೈಟಿಗೆ ಕಿಸೆಗೆ ಕೈಹಾಕಲಿ.