ಮೇಲ್ಮನವಿ ದಯಾಭಿಕ್ಷೆಯಲ್ಲ

ಅಂಗಡಿಗೆ ನುಗ್ಗಿ ಸುಲಿಗೆಗೆ ಯತ್ನಿಸಿದನೆಂದು ಶಿಕ್ಷೆಗೊಳಗಾದವನು ಮೇಲ್ಮನವಿ ಸಲ್ಲಿಸಿದರೆ ವಿದ್ಯಾವಂತರಲ್ಲೂ ಅನೇಕರು ಹುಬ್ಬೇರಿಸುತ್ತಾರೆ. ಒಂದು ನ್ಯಾಯಾಲಯ ತೀರ್ಪು ಕೊಟ್ಟಾಯಿತಲ್ಲ, ಮತ್ತೇಕೆ ಕಾಲಹರಣ ಎಂಬುದು ಅವರ ಪ್ರಶ್ನೆ. ರಾತ್ರಿ ಒಬ್ಬನೇ ಗಲ್ಲಾಪೆಟ್ಟಿಗೆ ಕಾಯುವ ಅಂಗಡಿಕಾರನ ಭೀತಿಯನ್ನು ನೆನೆದರೆ ಈ ಅಸಹನೆ ಸಹಜವೇ. ಆದರೆ ಅದರ ಹಿಂದೆ ಒಂದು ತಪ್ಪು ಗ್ರಹಿಕೆಯಿದೆ. ಮೊದಲ ಮೇಲ್ಮನವಿ ಅಪರಾಧಿಗೆ ತೋರುವ ಔದಾರ್ಯವಲ್ಲ. ಕಾನೂನು ಕೊಟ್ಟಿರುವ ಹಕ್ಕು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 309ನೇ ಕಲಮಿನಂತೆ ಸುಲಿಗೆ ಯತ್ನಕ್ಕೆ 7 ವರ್ಷಗಳವರೆಗೆ ಕಠಿಣ ಶಿಕ್ಷೆ ವಿಧಿಸಬಹುದು. ಹಳೆಯ ದಂಡ ಸಂಹಿತೆಯಲ್ಲಿಯೂ ಶಿಕ್ಷೆಯ ಮಿತಿ ಇಷ್ಟೇ ಇತ್ತು. ಆದರೆ ಯತ್ನದ ಪ್ರಕರಣಗಳಲ್ಲಿ ಏನೂ ಕಳವಾಗಿರುವುದಿಲ್ಲ; ಆದ್ದರಿಂದ ವಶಪಡಿಸಿಕೊಂಡ ಮಾಲು ಎಂಬ ಬಲವಾದ ಸಾಕ್ಷ್ಯವೂ ಇರುವುದಿಲ್ಲ. ಬಹುತೇಕ ಉಳಿಯುವುದು, ಗಾಬರಿಗೊಂಡವರು ಕ್ಷಣಮಾತ್ರ ಕಂಡ ಮುಖ ಮತ್ತು ಆರೋಪಿಯ ಉದ್ದೇಶದ ಬಗೆಗಿನ ಊಹೆ. ಸಿದ್ಧತೆ ಎಲ್ಲಿ ಮುಗಿದು ಯತ್ನ ಎಲ್ಲಿ ಆರಂಭವಾಯಿತೆಂಬುದೂ ಸೂಕ್ಷ್ಮ ಪ್ರಶ್ನೆ. ಪಂಜಾಬಿನಿಂದ ಅಕ್ರಮವಾಗಿ ಭತ್ತ ಸಾಗಿಸುತ್ತಿದ್ದ ಲಾರಿಯನ್ನು ದೆಹಲಿ ಗಡಿಗೆ ಮುನ್ನವೇ ತಡೆದ ಮಲ್ಕಿಯತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲಿ, ಅದು ಸಿದ್ಧತೆ ಮಾತ್ರ, ಯತ್ನವಲ್ಲ ಎಂದು ಆರೋಪಿಗಳನ್ನು ಬಿಡುಗಡೆ ಮಾಡಿತು. ಇಂತಹ ವಿಷಯದಲ್ಲಿ ಇನ್ನೊಬ್ಬ ನ್ಯಾಯಾಧೀಶರು ಸಾಕ್ಷ್ಯವನ್ನು ಹೊಸದಾಗಿ ತೂಗಿನೋಡುವುದು ಅನಗತ್ಯವೆನ್ನಲಾಗದು.

ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು ಇರುವ ಅವಧಿ 30 ದಿನ. ಸೆರೆಯಲ್ಲಿರುವವನು ಜೈಲಿನ ಅಧಿಕಾರಿಯ ಮೂಲಕವೇ ಅರ್ಜಿ ಸಲ್ಲಿಸಬಹುದು. ಅಪರಾಧಿಯ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ವಕೀಲರು ಹಾಜರಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ವಜಾ ಮಾಡಲಾಗದು, ದಾಖಲೆ ನೋಡಿಯೇ ತೀರ್ಮಾನಿಸಬೇಕು ಎಂದು 1996ರ ಬಾನಿ ಸಿಂಗ್ ಪ್ರಕರಣ ಸ್ಪಷ್ಟಪಡಿಸಿದೆ. ಆದರೆ ಬೇಗ ಮುಗಿದರೆ ಸಾಕೆಂದು ತಪ್ಪೊಪ್ಪಿಕೊಂಡವನಿಗೆ ಸಾಮಾನ್ಯವಾಗಿ ಶಿಕ್ಷೆಯ ಪ್ರಮಾಣ ಮತ್ತು ಸಿಂಧುತ್ವವನ್ನಷ್ಟೇ ಪ್ರಶ್ನಿಸುವ ಅವಕಾಶ ಉಳಿಯುತ್ತದೆ. ಇದನ್ನು ಬಡ ಆರೋಪಿಗೆ ಮೊದಲೇ ತಿಳಿಹೇಳುವವರು ಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನಕಲಿ ಪದವಿಪತ್ರಗಳ ಯತ್ನಕ್ಕೆ ಸಂಬಂಧಿಸಿದ ಹೊಸ್ಕೋಟ್ ಪ್ರಕರಣದಲ್ಲಿ ಅಪರಾಧಿಗೆ ಹೈಕೋರ್ಟ್ ತೀರ್ಪಿನ ಪ್ರತಿ ಕೈಸೇರುವಷ್ಟರಲ್ಲಿ ವರ್ಷಗಳೇ ಉರುಳಿದ್ದವು. 1978ರಲ್ಲಿ ಸುಪ್ರೀಂ ಕೋರ್ಟ್ ಆತನ ಅರ್ಜಿಯನ್ನು ತಳ್ಳಿಹಾಕಿತಾದರೂ, ಕೈದಿಗೆ ತೀರ್ಪಿನ ಪ್ರತಿ ಸಕಾಲದಲ್ಲಿ ಉಚಿತವಾಗಿ ದೊರೆಯಬೇಕು, ಅಶಕ್ತನಿಗೆ ವಕೀಲರ ನೆರವು ಒದಗಬೇಕು ಎಂದು ವಿಧಿಸಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಪ್ರಕಾರ ಬಂಧನದಲ್ಲಿರುವ ಯಾರೇ ಆಗಲಿ ಉಚಿತ ನೆರವಿಗೆ ಅರ್ಹರು.

ಕೊರತೆಯಿರುವುದು ನಿಯಮಗಳಲ್ಲಲ್ಲ, ಅವು ಕೈದಿಯನ್ನು ತಲುಪುವುದರಲ್ಲಿ. ಜಾಮೀನಿನ ಮೇಲಿದ್ದವನಿಗೆ ಮೂರು ವರ್ಷದೊಳಗಿನ ಶಿಕ್ಷೆಯಾದರೆ, ಮೇಲ್ಮನವಿ ಸಲ್ಲಿಸುವವರೆಗೆ ವಿಚಾರಣಾ ನ್ಯಾಯಾಲಯವೇ ಸಾಮಾನ್ಯವಾಗಿ ಬಿಡುಗಡೆ ಮಾಡುತ್ತದೆ. ಜಾಮೀನುದಾರರು ಸಿಗದೆ ಮೊದಲಿನಿಂದಲೂ ಒಳಗಿದ್ದವನಿಗೆ ಈ ಅನುಕೂಲವಿಲ್ಲ. ಮೇಲ್ಮನವಿಯ ಸರದಿ ಬರುವಷ್ಟರಲ್ಲಿ ಅವನ ಶಿಕ್ಷೆಯೇ ಮುಗಿದಿದ್ದರೆ, ಆಮೇಲಿನ ಖುಲಾಸೆಯಿಂದ ಬಂದ ಭಾಗ್ಯವೇನು?

ಪರಿಹಾರ ದುಬಾರಿಯೇನಲ್ಲ. ತೀರ್ಪಿನ ದಿನವೇ ಅಪರಾಧಿಗೆ ಅವನು ಬಲ್ಲ ಭಾಷೆಯಲ್ಲಿ ಮೇಲ್ಮನವಿಯ ಹಕ್ಕು ಮತ್ತು ಗಡುವನ್ನು ತಿಳಿಸಿ, ಹಾಗೆ ತಿಳಿಸಿದ್ದನ್ನು ದಾಖಲಿಸಬೇಕು. ವಾರದೊಳಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಜೈಲಿನಲ್ಲಿ ಅವನನ್ನು ಕಾಣಬೇಕು. ಅಲ್ಪಾವಧಿ ಶಿಕ್ಷೆಯ ಮೇಲ್ಮನವಿಗಳನ್ನು ಸೆಷನ್ಸ್ ನ್ಯಾಯಾಲಯ ಆದ್ಯತೆಯ ಮೇಲೆ ಕೇಳಬೇಕು. ಇದರಿಂದ ಅಂಗಡಿಕಾರನಿಗೆ ನಷ್ಟವೇನೂ ಇಲ್ಲ. ತಪ್ಪು ಮನುಷ್ಯ ಸೆರೆಯಲ್ಲಿದ್ದಷ್ಟು ದಿನವೂ ನಿಜವಾದ ಸುಲಿಗೆಕೋರ ಬೀದಿಯಲ್ಲೇ ಇರುತ್ತಾನೆ.