ಮಳೆ ಕಲಿಸಿದ ಶಿಲ್ಪ

ಬ್ರಹ್ಮಾವರ ತಾಲೂಕಿನ ಬಾರಕೂರು ಆಳುಪ ಅರಸರ ರಾಜಧಾನಿಯಾಗಿದ್ದ ಪಟ್ಟಣ. ಅಲ್ಲಿನ ಕತ್ತಲೆ ಬಸದಿಯ ಮುಂದೆ ನಿಂತವರ ಗಮನವನ್ನು ಮೊದಲು ಸೆಳೆಯುವುದು ಅದರ ಮಾಡು. ಶ್ರವಣಬೆಳಗೊಳದ ಚಂದ್ರಗಿರಿಯ ಬಸದಿಗಳಲ್ಲಿರುವ ಸಮತಟ್ಟಾದ ಛಾವಣಿ ಇಲ್ಲಿಲ್ಲ. ಕಲ್ಲಿನ ಚಪ್ಪಡಿಗಳನ್ನೇ ಇಳಿಜಾರಾಗಿ ಹೊದಿಸಿ, ರೈತನ ಮನೆಯ ಹುಲ್ಲುಮಾಡಿನ ಆಕಾರವನ್ನು ಶಿಲೆಯಲ್ಲಿ ಮೂಡಿಸಲಾಗಿದೆ.

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸ ಜೇಮ್ಸ್ ಫರ್ಗುಸನ್ ಮೂಡುಬಿದಿರೆಯ ಬಸದಿಗಳಲ್ಲಿ ನೇಪಾಳದ ಕಟ್ಟಡಗಳ ಹೋಲಿಕೆಯನ್ನು ಗುರುತಿಸಿದ್ದ. ಹೋಲಿಕೆ ನಿಜ, ಆದರೆ ಈ ರೂಪದ ಕಾರಣವನ್ನು ಹಿಮಾಲಯದವರೆಗೆ ಹುಡುಕಿಹೋಗಬೇಕಾಗಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಾಡಿನಲ್ಲಿ ನೀರನ್ನು ನಿಲ್ಲಗೊಡದ ಮಾಡೇ ಉಳಿಯುವ ಮಾಡು. ಘಟ್ಟದ ಮೇಲಿಂದ ಬಂದ ಜಿನಧರ್ಮ ತನ್ನ ತತ್ತ್ವವನ್ನು ಬಿಡಲಿಲ್ಲ. ಆದರೆ ಮನೆ ಕಟ್ಟುವ ಬಗೆಯನ್ನು ಇಲ್ಲಿನ ಮಳೆಯಿಂದ ಕಲಿಯಿತು.

ನಿಸರ್ಗದಿಂದ ಪ್ರೇರಣೆ ಪಡೆಯುವುದೆಂದರೆ ಇದೇ. ಮರವಂತೆಯಲ್ಲಿ ಒಂದೆಡೆ ಕಡಲು, ಇನ್ನೊಂದೆಡೆ ಸೌಪರ್ಣಿಕಾ ನದಿ. ಆ ನೋಟವನ್ನು ಬಣ್ಣದಲ್ಲಿ ಬರೆದು ಗೋಡೆಗೆ ತೂಗುಹಾಕುವುದು ಸುಲಭ. ನೆಲದ ಒತ್ತಾಯಕ್ಕೆ ಮಣಿದು ಕೃತಿಯ ರೂಪವನ್ನೇ ಬದಲಿಸಿಕೊಳ್ಳುವುದು ಕಷ್ಟ. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಡಲು ಬರಿಯ ಹಿನ್ನೆಲೆಯಲ್ಲ, ಮೂರು ತಲೆಮಾರುಗಳ ಬಾಳನ್ನು ತಿದ್ದುವ ಪಾತ್ರ. ಬೈಂದೂರು ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ‘ಭೂಮಿಗೀತ’ದಲ್ಲಿ ಭೂಮಿಯನ್ನು ಕೇವಲ ವಾತ್ಸಲ್ಯದ ತಾಯಿಯೆಂದು ಹೊಗಳಲಿಲ್ಲ, ಅವಳ ನಿಷ್ಠುರತೆಯನ್ನೂ ಕಂಡರು. ಬಾರಕೂರಿನ ಶಿಲ್ಪಿಗಳಂತೆ ಇವರಿಬ್ಬರೂ ನೆಲವನ್ನು ಚೆಲುವಿನ ವಸ್ತುವೆಂದಲ್ಲ, ಗುರುವೆಂದು ಭಾವಿಸಿದವರು.

ಇಂದು ಕುಂದಾಪುರದ ಸುತ್ತಮುತ್ತ ಏಳುತ್ತಿರುವ ಎಷ್ಟೋ ಕಟ್ಟಡಗಳಲ್ಲಿ ಮೊದಲು ಚಪ್ಪಟೆ ತಾರಸಿ ಬರುತ್ತದೆ. ಅದು ಸೋರತೊಡಗಿದ ಮೇಲೆ ತಗಡಿನ ಇಳಿಜಾರು ಹೊದಿಕೆ ಏರುತ್ತದೆ. ಪೂರ್ವಿಕರು ಕಲ್ಲಿನಲ್ಲಿ ಬರೆದಿಟ್ಟ ಪಾಠವನ್ನು ಓದದೆ, ಪ್ರತಿ ಮಳೆಗಾಲದಲ್ಲಿ ದಂಡ ತೆತ್ತು ಕಲಿಯುವಂತಾಗಿದೆ. ದೇವಾಲಯ, ಬಸದಿಗಳ ಜೀರ್ಣೋದ್ಧಾರಕ್ಕೆ ಕೈಹಾಕುವವರಾದರೂ ಪರಸ್ಥಳದ ಮಾದರಿಗಳನ್ನು ಅರಸುವ ಮುನ್ನ ಒಮ್ಮೆ ಬಾರಕೂರಿಗೆ ಹೋಗಿ ಬರಬೇಕು. ಆಷಾಢದ ಮಳೆಯಲ್ಲಿ ಹೋದರೆ ಇನ್ನೂ ಒಳ್ಳೆಯದು. ಆ ಕಲ್ಲುಮಾಡು ಏಕೆ ಹಾಗಿದೆಯೆಂಬುದನ್ನು ಜಾರಿಹೋಗುವ ನೀರೇ ತೋರಿಸಿಕೊಡುತ್ತದೆ.